ಸಹಾಯ ಬೇಕು: ಮಾಫಿಯಾ ಆಟದಲ್ಲಿ ಸಾಯದ ಪಾತ್ರವನ್ನು ಹೇಗೆ ಸರಿದೂಗಿಸುವುದು?

ಎಲ್ಲರಿಗೂ ನಮಸ್ಕಾರ್ರಿ. ಧಾರವಾಡದ ಸಪ್ತಾಪುರದಲ್ಲಿ ಪ್ರತಿ ಭಾನುವಾರ ಗಿರ್ಮಿಟ್ ತಿಂದು ಮಾಫಿಯಾ ಆಡುತ್ತೇವೆ: ರಾತ್ರಿ ಗುಟ್ಟಾಗಿ ಮಾಫಿಯಾದವರು ಒಬ್ಬರನ್ನು 'ಕೊಲ್ಲುತ್ತಾರೆ', ಹಗಲು ಎಲ್ಲರೂ ವೋಟು ಹಾಕಿ ಅನುಮಾನ ಬಂದವರನ್ನು ಹೊರಗೆ ಹಾಕುತ್ತಾರೆ. ಆಡುವವರು 11 ಜನ: 3 ಮಾಫಿಯಾ, ಒಬ್ಬ ಡಾಕ್ಟರ್ (ರಾತ್ರಿ ಒಬ್ಬರನ್ನು ಉಳಿಸಬಹುದು), ಒಬ್ಬ ಪೊಲೀಸ್ (ರಾತ್ರಿ ಒಬ್ಬರ ಗುಟ್ಟು ತಿಳಿಯಬಹುದು), ಉಳಿದವರು ಊರಿನವರು. ಆಟ ನಡೆಸುವವನು ನಾನು.

ಹೋದ ತಿಂಗಳು ಊರಿನವರಲ್ಲಿ ಒಬ್ಬರಿಗೆ 'ಪೈಲ್ವಾನ' ಚೀಟಿ ಕೊಟ್ಟೆ. ರಾತ್ರಿ ಮಾಫಿಯಾ ಹೊಡೆದರೂ ಸಾಯುವುದಿಲ್ಲ, ಹಗಲಿನ ವೋಟಿನಲ್ಲಿ ಮಾತ್ರ ಹೊರಗೆ ಹೋಗಬಹುದು. ಅಲ್ಲಿಂದ ಆಟದ ರುಚಿಯೇ ಕೆಟ್ಟಿತು. ಮೊದಲ ಹಗಲೇ ಅವನು "ನಾನೇ ಪೈಲ್ವಾನ" ಅಂದುಬಿಡುತ್ತಾನೆ. ಮಾಫಿಯಾದವನೊಬ್ಬ ತಾನೇ ಪೈಲ್ವಾನ ಅಂತ ಸುಳ್ಳು ಹೇಳಿದರೆ ಇಬ್ಬರಲ್ಲಿ ಒಬ್ಬ ಕಳ್ಳ ಅಂತ ಗೊತ್ತಾಗುತ್ತದೆ. ಹಾಗಾಗಿ ಅವರು ಸುಮ್ನಿರುತ್ತಾರೆ, ಊರೆಲ್ಲ ಇವನನ್ನು ನಂಬುತ್ತದೆ. ಕೊನೆಗೆ 3 ಜನ ಉಳಿದಾಗ ಇವನ ಮಾತೇ ತೀರ್ಪು.

ಮಾಫಿಯಾವನ್ನು 4 ಮಾಡಿ ನೋಡಿದೆ. ಪೈಲ್ವಾನ ವೋಟಿನಲ್ಲಿ ಹೋದರೆ ಊರು ಬೇಗ ಸೋಲುತ್ತದೆ. ಆಮೇಲೆ ಪೈಲ್ವಾನನ ಕವಚ (ರಾತ್ರಿ ಸಾಯದ ಶಕ್ತಿ) ಒಂದೇ ಏಟಿಗೆ ಮುರಿಯಲಿ ಅಂದೆ. ಇದು ಪರವಾಗಿಲ್ಲ, ಆದರೆ "ನಾನೇ ಪೈಲ್ವಾನ" ಅಂತ ಹೇಳಿಕೊಳ್ಳುವುದು ನಿಲ್ಲಲಿಲ್ಲ.

ಈಗ ಉಳಿದದ್ದು ಒಂದೇ ಯೋಚನೆ. ಕವಚ ಒಂದೇ ಸಲಕ್ಕೆ, ಆದರೆ ಅದು ತನ್ನ ಹತ್ತಿರ ಇದೆ ಅಂತ ಅವನಿಗೇ ಹೇಳಬಾರದು. ಯಾರೂ ಸಾಯದ ರಾತ್ರಿ ಡಾಕ್ಟರ್ ಉಳಿಸಿದ್ದೋ ಕವಚವೋ ಗೊತ್ತಾಗುವುದಿಲ್ಲ ಅಲ್ವಾ? ಆದರೆ ಪಾತ್ರ ಮುಚ್ಚಿಟ್ಟರೆ ಆಡುವವನಿಗೆ ಮೋಸವಾಗುತ್ತದಾ ಅಂತ ಗೊಂದಲ.

11 ಜನರ ಆಟದಲ್ಲಿ ಹೀಗೆ ಮುಚ್ಚಿಟ್ಟು ಆಡಿಸಿದವರು ಇದ್ದೀರಾ? ಆಗ ಮಾಫಿಯಾ 3 ಸಾಕಾಯಿತಾ?