ಮೃತ್ಯುಪತ್ರ ಅಂದರೆ ಯಾವ ಕಾಗದ?

ಗೆಳೆಯರೇ, ಧಾರವಾಡದಿಂದ ಒಂದು ಪ್ರಶ್ನೆ. ಮೊದಲು ಅದು ಹುಟ್ಟಿದ ಕತೆ.

ಅಜ್ಜ ತೀರಿಕೊಂಡ ಮೇಲೆ ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರು ಬದಲಿಸುವ ಕೆಲಸ ಬಂತು. ಕಾಕಾ ಮನೆಯ ಸಣ್ಣ ಸೊಸೆಗೆ, "ಅಜ್ಜನ ಮೃತ್ಯುಪತ್ರದ ನಕಲು ತಗಸ್ಕೊಂಡು ಬಾರವಾ" ಅಂದರು. ಸೊಸೆ ಮೈಸೂರಿನ ಕಡೆಯವಳು. ನಮ್ಮ ಊರು ಗದಗ ಜಿಲ್ಲೆಯಲ್ಲಿದ್ದರೂ ಅಜ್ಜ ಹೋದದ್ದು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ. ಸಾವು ಎಲ್ಲಿ ಆಯಿತೋ ಅಲ್ಲೇ ಅದರ ನೋಂದಣಿ. ಇದು ಅವಳಿಗೆ ಗೊತ್ತಿತ್ತು. ಸೀದಾ ಮಹಾನಗರ ಪಾಲಿಕೆಗೆ ಹೋಗಿ ಮರಣ ಪ್ರಮಾಣಪತ್ರದ ಮೂರು ಪ್ರತಿ ತಂದಳು. ಕಾಕಾ ಕನ್ನಡಕ ಹಣೆಗೇರಿಸಿ, ಕಾಗದವನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. "ನಾ ಕೇಳಿದ್ದು ಅಜ್ಜ ಬರದಿಟ್ಟದ್ದನ್ನ. ನೀ ತಂದದ್ದು ಅಜ್ಜ ಹೋದದ್ದನ್ನ!"

ನಮ್ಮಲ್ಲಿ ಮೃತ್ಯುಪತ್ರ ಅಂದರೆ ವಿಲ್ಲು. ಮರಾಠಿಯಲ್ಲೂ ಅದೇ ಪದ, ಅದೇ ಅರ್ಥ. 1956ರವರೆಗೆ ಧಾರವಾಡ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಗದಗ, ಹಾವೇರಿ ಇದರಿಂದ ಬೇರೆಯಾದದ್ದೇ 1997ರಲ್ಲಿ. ಕಚೇರಿಯ ಮಾತು ಆ ಕಡೆಯಿಂದ ಬಂದಿದ್ದರೆ ಆಶ್ಚರ್ಯವಿಲ್ಲ. ಮೈಸೂರಿನವರ ಉಯಿಲು ಇಂಗ್ಲಿಷಿನ ವಿಲ್ಲೇ, ಸ್ವಲ್ಪ ವೇಷ ಬದಲಿಸಿದೆ ಅಷ್ಟೆ.

ಸೊಸೆಯ ವಾದವನ್ನೂ ಸುಮ್ನೆ ತಳ್ಳಿಹಾಕುವಂತಿಲ್ಲ. ಮೃತ್ಯು ಅಂದರೂ ಮರಣ ಅಂದರೂ ಒಂದೇ, ಹಾಗಾದರೆ ಪತ್ರ ಮಾತ್ರ ಹೇಗೆ ಬೇರೆ? ನನಗೆ ತೋಚುವುದು ಇಷ್ಟು. ನಮ್ಮ ಕಡೆ 'ಪತ್ರ' ಅಂದರೆ ಒಬ್ಬರು ಬರೆದುಕೊಡುವ ಕಾಗದ: ಖರೀದಿಪತ್ರ, ಬಕ್ಷೀಸಪತ್ರ. ಆ ಸಾಲಿನಲ್ಲಿ ನಿಲ್ಲುವುದು ಮೃತ್ಯುಪತ್ರ. ಸತ್ತದ್ದನ್ನು ಕಚೇರಿಯವರು ಖಾತ್ರಿ ಮಾಡಿ ಕೊಡುವುದು ಪ್ರಮಾಣಪತ್ರ. ಆದರೆ ಮಾತಿನಲ್ಲಿ 'ಪ್ರಮಾಣ' ಉದುರಿಹೋಗಿ 'ಮರಣಪತ್ರ' ಆಗಿಬಿಡುತ್ತದೆ. ಗೊಂದಲ ಶುರುವಾಗುವುದೇ ಅಲ್ಲಿ.

ಇನ್ನೊಂದು ತೊಡಕು 'ನೋಂದಣಿ'. ಎರಡೂ ಕಡೆ ಇರುವವರು ನೋಂದಣಾಧಿಕಾರಿಗಳೇ. ಜನನ ಮರಣದವರು ಬೇರೆ, ಆಸ್ತಿ ಕಾಗದಪತ್ರದ ಉಪ ನೋಂದಣಾಧಿಕಾರಿ ಬೇರೆ. 1969ರ ಕಾಯ್ದೆ ಪ್ರಕಾರ ಸಾವನ್ನು 21 ದಿನದೊಳಗೆ ತಿಳಿಸಲೇಬೇಕು. ಮೃತ್ಯುಪತ್ರಕ್ಕೆ ಆ ಒತ್ತಾಯ ಇಲ್ಲ. 1908ರ ನೋಂದಣಿ ಕಾಯ್ದೆಯಲ್ಲಿ ಅದು ಬರೆದವರ ಇಷ್ಟ. ಬೇಕಾದರೆ ಲಕೋಟೆಗೆ ಅರಗು ಹಾಕಿ ಜಿಲ್ಲಾ ನೋಂದಣಾಧಿಕಾರಿಯ ಹತ್ತಿರ ಇಡಬಹುದು. ನೋಂದಣಿ ಮಾಡಿಸಿದ್ದರೂ, ಬರೆದವರು ಬದುಕಿರುವ ತನಕ ಬೇರೆಯವರಿಗೆ ನಕಲು ಸಿಗುವುದಿಲ್ಲ. ಅವರು ಹೋದ ಮೇಲೆ, ಹೋದದ್ದಕ್ಕೆ ಪುರಾವೆ ತೋರಿಸಿ ಪಡೆಯಬೇಕು. ಹಾಗಾಗಿ ಸೊಸೆ ತಂದ ಮೂರು ಪ್ರತಿಯಲ್ಲಿ ಒಂದು, ಮರುವಾರ ಕಾಕಾ ಅವರ ಕೈಚೀಲದಲ್ಲೇ ಗದುಗಿನ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಯಿತು. ಹೋಗುವಾಗ ಅವರು ಒಂದು ಮಾತೂ ಆಡಲಿಲ್ಲ. ಸೊಸೆಯೂ ಆಡಲಿಲ್ಲ, ನಕ್ಕಳು ಅಷ್ಟೆ.

ಈಗ ಪ್ರಶ್ನೆ. ಮೃತ್ಯುಪತ್ರ ಎಲ್ಲಿಗೆ ನಿಂತು ಉಯಿಲು ಎಲ್ಲಿಂದ ಶುರುವಾಗುತ್ತದೆ? ರಾಣೇಬೆನ್ನೂರಿನಿಂದ ತುಂಗಭದ್ರೆಯ ಸೇತುವೆ ದಾಟಿದರೆ ಹರಿಹರ, ಅದು ಹಳೇ ಮೈಸೂರು. ಹೊಳೆಯ ಆಚೆ ದಂಡೆಯವರು ಏನನ್ನುತ್ತಾರೆ? ಹಾವೇರಿ, ಹಿರೇಕೆರೂರು ಕಡೆಯ ಹಿರಿಯರು ಪೆಟ್ಟಿಗೆಯಲ್ಲಿಟ್ಟ ಹಳೆಯ ಛಾಪಾ ಕಾಗದದಲ್ಲಿ ಯಾವ ಪದ ಇದೆ? ಮರಣಶಾಸನ ಅಂತ ಬರೆದದ್ದನ್ನು ಯಾರಾದರೂ ಕಣ್ಣಾರೆ ಕಂಡಿದ್ದೀರಾ? ನಿಘಂಟಿನಲ್ಲಿ ಇರುವುದು ಬೇಡ, ಕಾಗದದಲ್ಲಿ ಇರುವುದನ್ನು ತಿಳಿಸಿ. ಹೆಸರು, ಸರ್ವೆ ನಂಬರು ಮುಚ್ಚಿ ಮೊದಲ ಸಾಲು ಕಳಿಸಿದರೂ ಸಾಕು.