ಕಂಪನಿಯೊಳಗಿನ ವಕೀಲರು ವೃತ್ತಿಬಳಗ ಕಟ್ಟಿಕೊಳ್ಳುವುದು ಹೇಗೆ?

ಪ್ರಶ್ನೆ: ಪೀಣ್ಯದ ಕಾನೂನು ಅಧಿಕಾರಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ನ್ಯಾಯಾಲಯಗಳಲ್ಲಿ ಆರು ವರ್ಷ ವಕೀಲಿ ಮಾಡಿ, ಮೂರು ವರ್ಷಗಳ ಹಿಂದೆ ಪೀಣ್ಯದ ಯಂತ್ರಭಾಗಗಳ ಕಾರ್ಖಾನೆಯೊಂದಕ್ಕೆ ಕಾನೂನು ಅಧಿಕಾರಿಯಾಗಿ ಸೇರಿದ್ದೇನೆ. ಪೂರ್ಣಾವಧಿ ಸಂಬಳದ ಕೆಲಸಕ್ಕೆ ಸೇರಿದವರು ವಕೀಲಿ ವೃತ್ತಿ ನಡೆಸುವಂತಿಲ್ಲ ಎಂಬ ಭಾರತೀಯ ವಕೀಲರ ಪರಿಷತ್ತಿನ 49ನೇ ನಿಯಮದಂತೆ, ರಾಜ್ಯ ವಕೀಲರ ಪರಿಷತ್ತಿಗೆ ತಿಳಿಸಿ ಸನ್ನದನ್ನು, ಅಂದರೆ ವಕೀಲಿ ಮಾಡುವ ಪರವಾನಗಿಯನ್ನು, ಅಮಾನತಿನಲ್ಲಿ ಇರಿಸಿದ್ದೇನೆ. ಅದರ ಜೊತೆಗೆ ನನ್ನ ಪರಿಚಯದ ಬಳಗವೂ ಅಮಾನತಿಗೆ ಹೋಯಿತೆಂಬುದು ಆಗ ಹೊಳೆಯಲಿಲ್ಲ. ದಾವಣಗೆರೆಯಲ್ಲಿ ಬಳಗ ಕಟ್ಟಬೇಕೆಂದು ಒಂದು ದಿನವೂ ಯೋಚಿಸಿದವಳಲ್ಲ. ವಕೀಲರ ಸಂಘದ ಕೊಠಡಿಯಲ್ಲಿ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದರೆ ಸಾಕು, ಎದುರು ಪಕ್ಷದವರು, ಸೀನಿಯರುಗಳು, ಅವರ ಗುಮಾಸ್ತರು ಎಲ್ಲರೂ ಮಾತಿಗೆ ಸಿಗುತ್ತಿದ್ದರು. ಇಲ್ಲಿ ಕಾನೂನು ವಿಭಾಗವೆಂದರೆ ನಾನೊಬ್ಬಳೇ.

ಕಳೆದ ತಿಂಗಳು ಇದರ ಬಿಸಿ ತಟ್ಟಿತು. ಶುಕ್ರವಾರ ಸಂಜೆ ನಾಲ್ಕೂವರೆಗೆ ಖರೀದಿ ವಿಭಾಗದವರು ನನ್ನ ಮೇಜಿನ ಬಳಿ ಬಂದು, ಪುಣೆಯ ಸರಬರಾಜುದಾರರೊಬ್ಬರು ಅಲ್ಲಿಯೇ ದಾವೆ ಹೂಡಿ ನಮ್ಮ ಮೇಲೆ ತಡೆಯಾಜ್ಞೆ ತರುವುದಾಗಿ ಫೋನಿನಲ್ಲಿ ಹೇಳಿದ್ದಾರೆಂದು ತಿಳಿಸಿದರು. ಸೋಮವಾರ ಕೋರ್ಟು ತೆರೆಯುತ್ತಲೇ, ನಮ್ಮ ಮಾತು ಕೇಳದೆ ಆದೇಶ ಕೊಡಬಾರದೆಂದು ಕೋರುವ ಕೇವಿಯೆಟ್ ಸಲ್ಲಿಸಬೇಕಾಗಿತ್ತು, ಪುಣೆಯಲ್ಲಿ ನನಗೆ ಒಬ್ಬ ವಕೀಲರ ಪರಿಚಯವೂ ಇರಲಿಲ್ಲ. ಅಂತರ್ಜಾಲದಲ್ಲಿ ಸಿಕ್ಕ ಎಂಟು ಸಂಖ್ಯೆಗಳಿಗೆ ಕರೆ ಮಾಡಿದ ಮೇಲೆ ಒಬ್ಬರು ಒಪ್ಪಿದರು. ಅವರು ಕೇಳಿದ ಶುಲ್ಕಕ್ಕೆ ಮರುಮಾತಿಲ್ಲದೆ ಒಪ್ಪಿಕೊಂಡೆ. ಕೆಲಸವಾಯಿತು, ಆದರೆ ಎರಡು ರಾತ್ರಿ ನಿದ್ದೆ ಬರಲಿಲ್ಲ.

ಸಮ್ಮೇಳನಗಳಿಗೆ ಕಳುಹಿಸಲು ನಮ್ಮ ಆಡಳಿತ ಮಂಡಳಿ ಒಪ್ಪುವುದಿಲ್ಲ. ಕಾನೂನು ವಿಭಾಗವೆಂದರೆ ಅವರ ಪಾಲಿಗೆ ಬರೀ ಖರ್ಚಿನ ಬಾಬ್ತು. ಲಿಂಕ್ಡ್‌ಇನ್‌ನಲ್ಲಿ ಆರುನೂರು ಜನರ ಹೆಸರುಗಳಿದ್ದರೂ ಆ ಶುಕ್ರವಾರ ಅವರಲ್ಲಿ ಒಬ್ಬರಿಗೂ ಕರೆ ಮಾಡುವ ಧೈರ್ಯ ಬರಲಿಲ್ಲ. ಕಂಪನಿಯ ಗುಟ್ಟನ್ನು ಬಿಟ್ಟುಕೊಡದೆ, ಕೈಯಿಂದ ಹೆಚ್ಚು ಹಣವನ್ನೂ ಹಾಕದೆ, ಇಂಥ ಸಂದರ್ಭದಲ್ಲಿ ನೆರವಾಗುವ ಬಳಗವನ್ನು ಕಟ್ಟಿಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ದಾರಿ ತಿಳಿಸಬೇಕು.

ಉತ್ತರ 1: ಔಷಧ ಕಂಪನಿಯೊಂದರ ಕಾನೂನು ಮುಖ್ಯಸ್ಥ

ಮೇಡಂ, ಆ ಆರುನೂರು ಹೆಸರುಗಳ ನಡುವೆ ಪುಣೆಯವರೊಬ್ಬರು ಇದ್ದೇ ಇದ್ದಿರಬೇಕು. ಅವರಿಂದ ನೀವು ಹಿಂದೆ ಏನನ್ನೂ ಕೇಳಿರಲಿಲ್ಲ, ಅವರಿಗೆ ಏನನ್ನೂ ಕೊಟ್ಟಿರಲಿಲ್ಲ. ಕರೆ ಮಾಡಲು ಸಂಕೋಚವಾದದ್ದು ಅದಕ್ಕೆ. ಮೊದಲ ಸಲ ಕೇಳುವಾಗಲೇ ದೊಡ್ಡ ಉಪಕಾರ ಕೇಳುವುದು ಯಾರಿಗಾದರೂ ಕಷ್ಟವೇ. ಆದ್ದರಿಂದ ಅವಸರವಿಲ್ಲದ ದಿನಗಳಲ್ಲಿ, ಐದು ನಿಮಿಷದಲ್ಲಿ ಉತ್ತರಿಸಬಹುದಾದ ಸಣ್ಣ ಪ್ರಶ್ನೆಯನ್ನು ಕೇಳುವ ರೂಢಿ ಮಾಡಿಕೊಳ್ಳಿ.

ನನ್ನ ಅನುಭವವನ್ನೇ ಹೇಳುತ್ತೇನೆ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗ, ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದ ಭಾಗವನ್ನೂ ವೇತನವೆಂದೇ ಎಣಿಸಬೇಕೆಂಬ ಹೊಸ ವ್ಯಾಖ್ಯೆಯಿಂದ ನಮ್ಮ ಗ್ರಾಚ್ಯುಟಿ ಲೆಕ್ಕವೆಲ್ಲ ಏರುಪೇರಾಯಿತು. ನಾನು ಓದಿ ತಿಳಿದದ್ದನ್ನು ಅರ್ಧ ಪುಟದ ಟಿಪ್ಪಣಿ ಮಾಡಿ, ಕಂಪನಿಯ ಯಾವ ಅಂಕಿಯನ್ನೂ ಸೇರಿಸದೆ, ಬೇರೆ ಬೇರೆ ಉದ್ಯಮಗಳಲ್ಲಿರುವ ನಾಲ್ವರು ಕಾನೂನು ಅಧಿಕಾರಿಗಳಿಗೆ ಕಳುಹಿಸಿ, ತಪ್ಪಿದ್ದರೆ ತಿದ್ದಬೇಕೆಂದು ಕೇಳಿದೆ. ಇಬ್ಬರು ತಿದ್ದಿದರು, ಅದರಲ್ಲಿ ಒಬ್ಬರು ನಿಜಕ್ಕೂ ಒಂದು ದೊಡ್ಡ ತಪ್ಪನ್ನು ಹಿಡಿದರು. ಈಗ ತಿಂಗಳಿಗೊಮ್ಮೆ, ಶನಿವಾರ ಬೆಳಿಗ್ಗೆ, ನಾವು ಒಂಬತ್ತು ಮಂದಿ ಒಂದು ಗಂಟೆ ಫೋನಿನಲ್ಲಿ ಸೇರುತ್ತೇವೆ.

ಸಮ್ಮೇಳನಕ್ಕೆ ಹಣವಿಲ್ಲವೆಂದಿರಿ. ನಿಮ್ಮ ಕಾರ್ಖಾನೆ ಪೀಣ್ಯ ಕೈಗಾರಿಕಾ ಸಂಘದ ಸದಸ್ಯನಾಗಿದೆಯೇ, ಕೆಂಪೇಗೌಡ ರಸ್ತೆಯಲ್ಲಿರುವ ಎಫ್‌ಕೆಸಿಸಿಐ (ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆ) ಸದಸ್ಯತ್ವವೇನಾದರೂ ಇದೆಯೇ ಎಂದು ಮೊದಲು ಲೆಕ್ಕಪತ್ರ ವಿಭಾಗದಲ್ಲಿ ವಿಚಾರಿಸಿ. 1916ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಹುಟ್ಟಿದ ಆ ಸಂಸ್ಥೆಗೆ ಎಷ್ಟೋ ಕಂಪನಿಗಳು ವರ್ಷವರ್ಷವೂ ಚಂದಾ ಕಟ್ಟಿ, ಒಬ್ಬರನ್ನೂ ಸಭೆಗೆ ಕಳುಹಿಸದೆ ಇರುತ್ತವೆ. ಆದರೆ ಒಂದು ಎಚ್ಚರಿಕೆ: ಇಂಥ ಸಂಘಗಳಲ್ಲಿ ನಿಮ್ಮ ಪ್ರತಿಸ್ಪರ್ಧಿ ಕಂಪನಿಯವರೂ ಇರುತ್ತಾರೆ. ಮಾತು ಬೆಲೆ, ಉತ್ಪಾದನೆ ಅಥವಾ ಗ್ರಾಹಕರ ಹಂಚಿಕೆಯ ಕಡೆಗೆ ಹೊರಳಿದರೆ, ಪೈಪೋಟಿಗೆ ಧಕ್ಕೆ ತರುವ ಒಪ್ಪಂದಗಳನ್ನು ನಿಷೇಧಿಸುವ 2002ರ ಸ್ಪರ್ಧಾ ಕಾಯ್ದೆಯ 3ನೇ ಕಲಮು ನೆನಪಿರಲಿ. ಆಕ್ಷೇಪ ಹೇಳಿ, ಅದು ನಡಾವಳಿಯಲ್ಲಿ ದಾಖಲಾಗುವಂತೆ ನೋಡಿಕೊಂಡು ಎದ್ದು ಬನ್ನಿ.

ಉತ್ತರ 2: ಬೆಂಗಳೂರಿನಲ್ಲಿ ವಕೀಲಿ ನಡೆಸುತ್ತಿರುವವನು

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಅವರು ಕಂಪನಿಯ ಒಳಗಿನಿಂದ ನೋಡಿದ್ದಾರೆ, ನಾನು ಹೊರಗಿನಿಂದ ನೋಡುತ್ತಿದ್ದೇನೆ. ನಮ್ಮ ವೃತ್ತಿಯ 36ನೇ ನಿಯಮದ ಪ್ರಕಾರ ವಕೀಲರು ಜಾಹೀರಾತು ಕೊಡುವಂತಿಲ್ಲ, ಕೆಲಸ ಕೊಡಿರೆಂದು ಯಾರ ಬಾಗಿಲಿಗೂ ಹೋಗುವಂತಿಲ್ಲ. ಆದ್ದರಿಂದ ನಿಮ್ಮಂಥವರ ಪರಿಚಯವಾಗಬೇಕೆಂಬ ಆಸೆ ಎಷ್ಟಿದ್ದರೂ ಮೊದಲ ಹೆಜ್ಜೆಯನ್ನು ನೀವೇ ಇಡಬೇಕಾಗುತ್ತದೆ. ನೀವು ಕರೆ ಮಾಡಿದರೆ ನಮಗೆ ತೊಂದರೆಯಾಗುತ್ತದೆಂಬ ಭಾವನೆಯನ್ನು ಬಿಟ್ಟುಬಿಡಿ.

ಎರಡನೆಯ ಮಾತು ಕೇಳಲು ಅಷ್ಟು ಚೆನ್ನಾಗಿಲ್ಲ: ನಮ್ಮ ಬಿಲ್ಲುಗಳನ್ನು ಹೊತ್ತಿಗೆ ಸರಿಯಾಗಿ ಪಾಸು ಮಾಡಿಸಿ. ಕಂಪನಿಯೊಂದಕ್ಕೆ ರಾತ್ರಿ ಹನ್ನೊಂದರವರೆಗೆ ಕೂತು ಕರಡು ಸಿದ್ಧಪಡಿಸಿಕೊಟ್ಟು, ಆ ಶುಲ್ಕಕ್ಕಾಗಿ ಏಳು ತಿಂಗಳು ಅಲೆದಿದ್ದೇನೆ. ಅಲ್ಲಿನ ಕಾನೂನು ಅಧಿಕಾರಿ ತುಂಬ ಸಜ್ಜನರು, ಹಬ್ಬಹಬ್ಬಕ್ಕೂ ಶುಭಾಶಯ ಕಳುಹಿಸುತ್ತಿದ್ದರು, ಆದರೆ ಈಗ ಅವರ ಕರೆ ಬಂದರೆ ನಾನು ಕೋರ್ಟಿನಲ್ಲಿರುತ್ತೇನೆ. ಇದಕ್ಕೆ ಪ್ರತಿಯಾಗಿ, ಮೂವತ್ತು ದಿನದೊಳಗೆ ಹಣ ಬರುವಂತೆ ನೋಡಿಕೊಳ್ಳುವ ಅಧಿಕಾರಿಯೊಬ್ಬರಿಗೆ ಭಾನುವಾರವೂ ಉತ್ತರಿಸುತ್ತೇನೆ, ಬೆಳಗಾವಿಯಲ್ಲಿಯೋ ಕೊಯಮತ್ತೂರಿನಲ್ಲಿಯೋ ನಂಬಬಹುದಾದ ವಕೀಲರು ಯಾರೆಂದು ಅವರು ಕೇಳಿದರೆ ಹುಡುಕಿಯೂ ಕೊಡುತ್ತೇನೆ.

ಇನ್ನು ನಿಮ್ಮ ದಾವಣಗೆರೆಯ ಆರು ವರ್ಷಗಳನ್ನು ಏಕೆ ಕಳೆದುಹೋದವೆಂದು ಭಾವಿಸಿದ್ದೀರಿ? ನಿಮ್ಮ ಕೆಲಸವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಅಂದಿನ ನಿಮ್ಮ ಎದುರು ವಕೀಲರು. ಅವರಲ್ಲಿ ಕೆಲವರಾದರೂ ಈಗ ಬೆಂಗಳೂರಿನಲ್ಲೋ ಧಾರವಾಡ ಪೀಠದಲ್ಲೋ ಇರಬಹುದು, ಮಾತನಾಡಿಸಿ. ಗುಮಾಸ್ತರನ್ನೂ ಮರೆಯಬೇಡಿ. ಯಾವ ಕೌಂಟರಿನಲ್ಲಿ ಯಾವ ಆಕ್ಷೇಪಣೆ ಹಾಕುತ್ತಾರೆಂಬುದು ಸೀನಿಯರುಗಳಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಪುಣೆಯ ಆ ವಕೀಲರ ಗುಮಾಸ್ತರ ಹೆಸರನ್ನು ಕೇಳಿ ಬರೆದಿಟ್ಟುಕೊಂಡಿದ್ದೀರಾ?

ಉತ್ತರ 3: ಬ್ಯಾಂಕಿನ ನಿವೃತ್ತ ಕಾನೂನು ಅಧಿಕಾರಿ

ಮೊದಲ ಉತ್ತರದಲ್ಲಿರುವ ಒಂಬತ್ತು ಮಂದಿಯ ಶನಿವಾರದ ಕರೆಯ ಬಗ್ಗೆ ನನಗೆ ಸ್ವಲ್ಪ ಅಳುಕಿದೆ. ಸರ್ವೋಚ್ಚ ನ್ಯಾಯಾಲಯವು 2025ರ ಅಕ್ಟೋಬರ್ 31ರ ತೀರ್ಪಿನಲ್ಲಿ, ಸಂಬಳಕ್ಕೆ ದುಡಿಯುವ ಕಂಪನಿ ವಕೀಲರಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನಡಿ ವಕೀಲ-ಕಕ್ಷಿದಾರರ ನಡುವಿನ ಗೋಪ್ಯತೆಯ ಹಕ್ಕು ಸಿಗುವುದಿಲ್ಲವೆಂದೂ, 134ನೇ ಕಲಮಿನ ಸೀಮಿತ ರಕ್ಷಣೆ ಮಾತ್ರ ಇದೆಯೆಂದೂ ಹೇಳಿದೆ. ನಮ್ಮದೇ ಕಂಪನಿಯೊಳಗಿನ ಸಲಹೆಗೆ ಇಷ್ಟೇ ರಕ್ಷಣೆ ಇರುವಾಗ, ಬೇರೆ ಕಂಪನಿಯ ಗೆಳೆಯರಿಗೆ ವಾಟ್ಸ್ಆ್ಯಪ್‌ನಲ್ಲಿ ಬರೆದದ್ದು ಮುಂದೊಂದು ದಿನ ನ್ಯಾಯಾಲಯದ ಮುಂದೆ ಬರಬಹುದೆಂದುಕೊಂಡೇ ಬರೆಯಬೇಕು.

ಹಾಗೆಂದು ಕೇಳಬಾರದೆಂದಲ್ಲ, ಹೇಗೆ ಕೇಳುತ್ತೇವೆಂಬುದು ಮುಖ್ಯ. ನಾವು ಬ್ಯಾಂಕಿನಲ್ಲಿ ಕಥೆಯನ್ನು ಬಿಟ್ಟು ಕ್ರಮವನ್ನಷ್ಟೇ ಕೇಳುತ್ತಿದ್ದೆವು. "ಇಂಥ ಸರಬರಾಜುದಾರರು ಇಷ್ಟು ಲಕ್ಷದ ಬಾಕಿಗೆ ದಾವೆ ಹೂಡುತ್ತಾರಂತೆ, ಏನು ಮಾಡಲಿ?" ಎಂದು ಕೇಳಿದರೆ ಗುಟ್ಟು ಹೊರಬಿತ್ತು. "ಪುಣೆಯಲ್ಲಿ ವಾಣಿಜ್ಯ ವ್ಯಾಜ್ಯ ನಡೆಸುವ ಒಳ್ಳೆಯ ವಕೀಲರು ಯಾರು?" ಎಂದರೆ ವಾಸಿ, ಆದರೂ ನಿಮ್ಮ ಉದ್ಯಮದ ಒಳಗಿನವರಿಗೆ ಊರಿನ ಹೆಸರೊಂದೇ ಸಾಕಾಗಬಹುದು. ಆದ್ದರಿಂದ ಪುಣೆ, ಚೆನ್ನೈ, ಹೊಸೂರು, ಹೀಗೆ ನಿಮ್ಮ ಕಂಪನಿಯ ವ್ಯವಹಾರವಿರುವ ಊರುಗಳ ಹೆಸರುಗಳನ್ನೆಲ್ಲ ವಿವಾದವಿಲ್ಲದ ಕಾಲದಲ್ಲಿಯೇ ಒಟ್ಟಿಗೆ ಕೇಳಿ ಪಟ್ಟಿ ಮಾಡಿಕೊಳ್ಳಿ. ನಾನು ಕಲಬುರಗಿಯಿಂದ ಮಂಗಳೂರಿಗೆ ವರ್ಗವಾಗಿ ಹೋದಾಗ ನನ್ನಿಂದ ಮೇಜು ವಹಿಸಿಕೊಂಡವರಿಗೆ ಕೊಟ್ಟದ್ದು ಒಂದು ನೂರು ಪುಟದ ನೋಟುಬುಕ್ಕು: ಊರು, ಹೆಸರು, ಕೇಳಿದ್ದೇನು, ನಾವು ತಿರುಗಿ ಮಾಡಿಕೊಟ್ಟದ್ದೇನು. ನಾಲ್ಕನೆಯ ಅಂಕಣ ಬಹುಕಾಲ ಖಾಲಿಯಾಗಿಯೇ ಉಳಿದಿದ್ದ ಹೆಸರುಗಳಿಗೆ ಮತ್ತೆ ಕರೆ ಮಾಡಲು ನನಗೂ ನಾಚಿಕೆಯಾಗುತ್ತಿತ್ತು.

ಪ್ರಶ್ನೆಗೆ ಹೊರತಾದರೂ ಹೇಳಿಬಿಡುತ್ತೇನೆ: ಕೇವಿಯೆಟ್‌ಗೆ 90 ದಿನ ಮಾತ್ರ ಆಯುಸ್ಸು. ಕೊನೆಯ ದಿನವನ್ನು ಗುರುತು ಹಾಕಿಕೊಳ್ಳಿ.

ಪ್ರಶ್ನೆ ಕೇಳಿದವರ ಮರುಬರಹ

ಮೂವರಿಗೂ ಧನ್ಯವಾದಗಳು. ಬಿಲ್ಲಿನ ಮಾತು ಓದಿದ ಕೂಡಲೇ ಎದ್ದು ಲೆಕ್ಕಪತ್ರ ವಿಭಾಗಕ್ಕೆ ಹೋದೆ. ಪುಣೆಯ ವಕೀಲರ ಬಿಲ್ಲು ಅಲ್ಲಿಯೇ ಇತ್ತು; ಹಣ ಪಾವತಿಸಲು ಬೇಕಾದ ವೆಂಡರ್ ಕೋಡ್ ಅವರಿಗೆ ತೆರೆದಿಲ್ಲವೆಂದು ಮೂರು ವಾರದಿಂದ ಟ್ರೇಯಲ್ಲಿ ಬಿದ್ದಿತ್ತು, ನನಗೆ ಹೇಳಬೇಕೆಂದು ಯಾರಿಗೂ ಅನಿಸಿರಲಿಲ್ಲ. ಪ್ಯಾನ್ ಮತ್ತು ರದ್ದು ಮಾಡಿದ ಚೆಕ್ಕಿನ ಪ್ರತಿಯನ್ನು ತರಿಸಿಕೊಟ್ಟು ಇಂದು ಹಣ ಕಳುಹಿಸಿಯಾಯಿತು. ಹಣ ಕಳುಹಿಸಿದ್ದೇವೆಂದು ಫೋನು ಮಾಡಿದಾಗ ಅವರಿಗೆ ಆಶ್ಚರ್ಯವೇ ಆದಂತಿತ್ತು. ಪುಣೆ ಬಳಿಯ ಚಾಕಣ್ ಕಡೆ ನಮಗೊಂದು ಗೋದಾಮಿನ ಬಾಡಿಗೆ ಕರಾರು ಮಾಡಿಕೊಳ್ಳುವುದಿದೆ. ಮಹಾರಾಷ್ಟ್ರದ ಮುದ್ರಾಂಕ ಶುಲ್ಕದ ಬಗ್ಗೆ ಸಣ್ಣದೊಂದು ಪ್ರಶ್ನೆ ಕೇಳಿದೆ, ಎರಡೇ ನಿಮಿಷದಲ್ಲಿ ಉತ್ತರಿಸಿದರು. ಗುಮಾಸ್ತರ ಹೆಸರು ಕೇಳುವುದನ್ನು ಮಾತ್ರ ಈ ಸಲವೂ ಮರೆತೆ, ಸೋಮವಾರ ಕೇಳುತ್ತೇನೆ.