ಯುರೋಪಿನ ರೈಲು ತುಂಬ್ತಿರೋದು ಟಿಕೆಟ್ ಅಗ್ಗ ಅಂತಾನಾ?

ರೈಲುಹುಚ್ಚ: 2020ರಲ್ಲಿ ಕೊರೊನಾ ಬಂದು ಯುರೋಪಿನ ರೈಲು ಪ್ರಯಾಣ ಹೆಚ್ಚೂಕಡಿಮೆ ಅರ್ಧಕ್ಕೆ ಇಳಿದಿತ್ತು. 2023ಕ್ಕೆ ಯುರೋಪಿಯನ್ ಒಕ್ಕೂಟದ ದೇಶಗಳ ಒಟ್ಟು ಲೆಕ್ಕ 2019ನ್ನೂ ದಾಟಿತು. ನನ್ನ ಪ್ರಕಾರ ದೊಡ್ಡ ಕಾರಣ ದರ. ಜರ್ಮನಿ 2022ರ ಜೂನ್‌ನಿಂದ ಆಗಸ್ಟ್‌ವರೆಗೆ ತಿಂಗಳಿಗೆ 9 ಯೂರೋ ಪಾಸ್ ಕೊಟ್ಟಿತು. ಸುಮಾರು 5.2 ಕೋಟಿ ಪಾಸ್ ಹೋದವು! ಇನ್ನೇನು ಸಾಕ್ಷಿ ಬೇಕು?

ಬರ್ಲಿನ್ ಭಟ್ಟ: ಆ ಬೇಸಿಗೆ ನಾನು ಇಲ್ಲೇ ಇದ್ದೆ ಮಾರಾಯ್ರೆ. ಭಾನುವಾರ ಬಾಲ್ಟಿಕ್ ಕಡಲು ನೋಡೋಕೆ ಹೊರಟವನು ಟಾಯ್ಲೆಟ್ ಬಾಗಿಲಿಗೆ ಒರಗಿ, ಯಾರದೋ ಸೈಕಲ್ಲಿನ ಪೆಡಲ್‌ನಿಂದ ಮೊಣಕಾಲು ತರಚಿಸಿಕೊಂಡು, ಮೂರು ಗಂಟೆ ನಿಂತೇ ಹೋದೆ. ಆ ಪಾಸಿನಲ್ಲಿ ದೂರದೂರಿಗೆ ಓಡುವ ವೇಗದ ಗಾಡಿ ಐಸಿಇ ಹತ್ತುವ ಹಾಗಿರಲಿಲ್ಲ, ಊರೂರಿಗೆ ನಿಲ್ಲುವ ಗಾಡಿಯೇ ಗತಿ. ಸೋಮವಾರ ನೋಡಿದರೆ ನಮ್ಮ ಆಫೀಸಿನವರೆಲ್ಲ ಮತ್ತೆ ಕಾರಿನಲ್ಲೇ ಬಂದರು. ಅದರ ಬದಲಿಗೆ ಬಂದ ಡಾಯ್ಚ್‌ಲಾಂಡ್ ಟಿಕೆಟ್ ಅನ್ನೋ ಪಾಸೂ 2023ರಲ್ಲಿ ತಿಂಗಳಿಗೆ 49 ಯೂರೋ ಇದ್ದದ್ದು 2025ಕ್ಕೆ 58 ಆಯ್ತು.

ಬಾಸೆಲ್ ಬಸವ: ಭಟ್ರು ಹೇಳಿದ್ದು ಸರಿ. ಸ್ವಿಸ್‌ನಲ್ಲಿ ಟಿಕೆಟ್ ದರ ಕೇಳಿದರೆ ಎದೆ ಧಸಕ್ ಅನ್ನುತ್ತೆ. ಆದರೂ ತಲಾ ಲೆಕ್ಕದಲ್ಲಿ ಯುರೋಪಿನಲ್ಲೇ ರೈಲಲ್ಲಿ ಜಾಸ್ತಿ ಓಡಾಡೋರು ಇವರು. ಗುಟ್ಟು ಟೈಮ್‌ಟೇಬಲ್‌ನಲ್ಲಿದೆ. 1982ರಲ್ಲಿ ಗಂಟೆಗೊಂದು ಗಾಡಿ ಅಂತ ಶುರು ಮಾಡಿದರು. 1987ರಲ್ಲಿ ಜನ ವೋಟು ಹಾಕಿ 'ಬಾನ್ 2000' (ಅಂದ್ರೆ 'ರೈಲು 2000') ಅನ್ನೋ ರೈಲು ಸುಧಾರಣೆ ಯೋಜನೆ ಒಪ್ಪಿದರು. 2004ರಲ್ಲಿ ಬರ್ನ್–ಜ್ಯೂರಿಕ್ ಓಟ ಒಂದು ಗಂಟೆಯೊಳಗೆ ಬಂತು. ಸುಮ್ನೆ ವೇಗದ ಹುಚ್ಚಿಗಲ್ಲ. ಗಂಟೆ ಹೊಡೆಯೋ ಮುಂಚೆ ಗಾಡಿಗಳೆಲ್ಲ ಸ್ಟೇಷನ್ ಸೇರಬೇಕು, ಜನ ಪಕ್ಕದ ಪ್ಲಾಟ್‌ಫಾರಂಗೆ ಹೋಗಿ ಇನ್ನೊಂದು ಹತ್ತಬೇಕು, ಆಮೇಲೆ ಎಲ್ಲವೂ ಹೊರಡಬೇಕು, ಅದಕ್ಕೆ. ಜರ್ಮನಿಯಿಂದ ತೀರಾ ತಡವಾಗಿ ಬಂದ ಗಾಡಿಯನ್ನು ಗಡಿಯ ಬಾಸೆಲ್‌ನಲ್ಲೇ ನಿಲ್ಲಿಸಿ, ಮುಂದಕ್ಕೆ ತಮ್ಮದೇ ಗಾಡಿ ಓಡಿಸ್ತಾರೆ.

ರೈಲುಹುಚ್ಚ: ಹಾಗಾದ್ರೆ ಸ್ಪೇನ್? 2021ರಲ್ಲಿ ವಿಗೋ, 2022ರಲ್ಲಿ ಇರ್ಯೋ ಅನ್ನೋ ಹೊಸ ರೈಲು ಕಂಪನಿಗಳು ಪೈಪೋಟಿಗೆ ಇಳಿದವು. ಮ್ಯಾಡ್ರಿಡ್–ಬಾರ್ಸಿಲೋನಾ ದರ ಬಿತ್ತು, ಜನ ಮುಗಿಬಿದ್ದರು.

ಚುರುಮುರಿ: ಎರಡೂವರೆ ಗಂಟೆಯಲ್ಲಿ ಮುಟ್ಟಿಸೋ ಹಳಿ ಅಲ್ಲಿ 2008ರಲ್ಲೇ ಇತ್ತು ಗುರೂ. ಲಕ್ಸೆಂಬರ್ಗ್ 2020ರಿಂದ ಸೆಕೆಂಡ್ ಕ್ಲಾಸ್ ಪುಕ್ಕಟೆ ಮಾಡಿದೆ, ಕಾರಿನ ಸಾಲು ಕರಗಿತಾ?

ರೈಲುಹುಚ್ಚ: ಆ ಉದಾಹರಣೆ ಮೋಸದ್ದು. ಅಲ್ಲಿ ದುಡಿಯೋರಲ್ಲಿ ಅರ್ಧದ ಹತ್ತಿರ ಜನ ದಿನಾ ಫ್ರಾನ್ಸ್, ಬೆಲ್ಜಿಯಂ, ಜರ್ಮನಿಯಿಂದ ಬರ್ತಾರೆ. ಗಡಿಯ ಆಚೆ ಪುಕ್ಕಟೆ ಇಲ್ಲ. ಭಟ್ರ ಮೊಣಕಾಲು ಬೇಕಾದ್ರೆ ಒಪ್ಕೋತೀನಿ.

ಬರ್ಲಿನ್ ಭಟ್ಟ: ಗಾಯದ ಗುರುತು ಇನ್ನೂ ಇದೆ, ಫೋಟೋ ಹಾಕ್ಲಾ?